ಕೀಮೋ ನಡುವೆ ಉಗುರು ಕೆಟ್ಟರೆ: ಅದು ಔಷಧದ ಗುರುತೋ, ಶಿಲೀಂಧ್ರವೋ?

ಅಕ್ಕನ ಉಂಗುರದ ಬೆರಳಿಗೆ ಅರ್ಧ ನಿಂಬೆಹಣ್ಣು ಸಿಕ್ಕಿಸಿದ್ದರು. ಉಗುರುಸುತ್ತಿಗೆ ನಮ್ಮ ಕಡೆ ಎಲ್ಲರೂ ಮಾಡುವ ಮದ್ದು ಅದು. ಹಣ್ಣಿಗೆ ತೂತು ಕೊರೆದು, ಚಿಟಿಕೆ ಅರಿಶಿನ ಹಾಕಿ, ಬೆರಳಿಗೆ ಟೋಪಿಯಂತೆ ತೊಡಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ನಾನು ಅದನ್ನು ಬಿಡಿಸಿದಾಗ ಚರ್ಮ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಉಗುರಿನ ಬುಡ ಕೆಂಪಗೆ ಊದಿತ್ತು, ಮೆಲ್ಲಗೆ ಒತ್ತಿದರೆ ಬದಿಯಿಂದ ಹಳದಿ ಕೀವು ಹನಿಯುತ್ತಿತ್ತು. ಉಗುರು ತುದಿಯಿಂದ ಅರ್ಧದವರೆಗೆ ಮಾಂಸ ಬಿಟ್ಟು ಎದ್ದಿತ್ತು. ಸ್ತನ ಕ್ಯಾನ್ಸರಿಗೆಂದು ವಾರವಾರ ಕೊಡುತ್ತಿದ್ದ ಪ್ಯಾಕ್ಲಿಟ್ಯಾಕ್ಸೆಲ್ ಔಷಧದ ಏಳನೆಯ ವಾರ ಅದು. ಪಕ್ಕದ ಮೇಜಿನ ಮೇಲೆ ಔಷಧಿ ಅಂಗಡಿಯಿಂದ ತಂದ ಇಟ್ರಾಕೊನಜೋಲ್ ಕ್ಯಾಪ್ಸೂಲುಗಳಿದ್ದವು. ಮೊಬೈಲಿನಲ್ಲಿ ಉಗುರಿನ ಫೋಟೊ ನೋಡಿ, ‘ಇದು ಫಂಗಸ್’ ಎಂದು ಕೊಟ್ಟಿದ್ದರಂತೆ.

ಅಕ್ಕ ಅದನ್ನು ಇನ್ನೂ ನುಂಗಿರಲಿಲ್ಲ. ನುಂಗುವ ಮೊದಲು ಡೇ ಕೇರ್ ವಾರ್ಡಿನ ಸಿಸ್ಟರಿಗೆ ಫೋನ್ ಮಾಡಿದೆವು. ‘ಆ ಗುಳಿಗೆ ಮುಟ್ಟಬೇಡಿ, ನಿಂಬೆಹಣ್ಣೂ ಬೇಡ, ಈಗಲೇ ಕರೆದುಕೊಂಡು ಬನ್ನಿ’ ಎಂದರು. ಕೀವಿನ ಪರೀಕ್ಷೆಯಲ್ಲಿ ಸಿಕ್ಕಿದ್ದು ಸ್ಟೆಫೈಲೊಕಾಕಸ್, ಅಂದರೆ ಬ್ಯಾಕ್ಟೀರಿಯಾ. ಆ ಬೆರಳಿನಲ್ಲಿ ಶಿಲೀಂಧ್ರದ ಸುಳಿವೇ ಇರಲಿಲ್ಲ. ವಿಚಿತ್ರವೆಂದರೆ, ಅದೇ ಅಕ್ಕನ ಬಲಗಾಲಿನ ಹೆಬ್ಬೆರಳಿನಲ್ಲಿ ನಿಜವಾದ ಶಿಲೀಂಧ್ರ ವರ್ಷಗಳಿಂದ ಕೂತಿತ್ತು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೀಮೋ ಪಡೆಯುವವರ ಮನೆಗಳಲ್ಲಿ ಈ ಗೊಂದಲವನ್ನು ಅಂದಿನಿಂದ ಮತ್ತೆ ಮತ್ತೆ ಕಂಡಿದ್ದೇನೆ. ಉಗುರು ಬಣ್ಣಗೆಟ್ಟ ಕೂಡಲೇ ಫಂಗಸ್ ಎನ್ನುತ್ತಾರೆ, ಫಂಗಸ್ ಎಂದ ಕೂಡಲೇ ಗುಳಿಗೆ ತರುತ್ತಾರೆ. ಬೇರೆಯವರ ಮಟ್ಟಿಗೆ ಇದು ದುಡ್ಡು ದಂಡವಾಗುವ ತಪ್ಪಷ್ಟೇ. ಕೀಮೋದಲ್ಲಿರುವವರಿಗೆ ಅದು ಜೀವಕ್ಕೇ ಅಪಾಯ ತರಬಹುದು.

ಉಗುರು ಹುಟ್ಟುವ ಜಾಗದಿಂದಲೇ ಶುರು ಮಾಡೋಣ. ಕಣ್ಣಿಗೆ ಕಾಣುವ ಉಗುರು ಸತ್ತ ವಸ್ತು, ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನ ಗಟ್ಟಿ ಪದರ. ಅದನ್ನು ತಯಾರಿಸುವ ಜೀವಂತ ಕೋಶಗಳು ಬುಡದ ಚರ್ಮದ ಮಡಿಕೆಯ ಕೆಳಗೆ ಅಡಗಿವೆ. ವೈದ್ಯರು ಅದನ್ನು ಮೇಟ್ರಿಕ್ಸ್ ಎನ್ನುತ್ತಾರೆ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಕಾಣುವ ಬಿಳಿ ಅರ್ಧಚಂದ್ರ ಅದರದೇ ಅಂಚು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮುಂದಕ್ಕೆ ಸರಿಯುತ್ತದೆ, ಕಾಲಿನದು ಅದರ ಅರ್ಧದಷ್ಟೋ ಇನ್ನೂ ಕಡಿಮೆಯೋ. ಹಾಗಾಗಿ ಕೈ ಉಗುರು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗೆ ಒಂದರಿಂದ ಒಂದೂವರೆ ವರ್ಷವೇ ಹಿಡಿಯುತ್ತದೆ.

ಕೀಮೋ ಔಷಧಗಳು ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶ ಹಾಗೆ ವಿಭಜನೆಯಾಗುತ್ತದೆ. ಕೂದಲಿನ ಬುಡ, ಬಾಯಿಯ ಒಳಪದರ, ಮೂಳೆಯ ಮಜ್ಜೆ, ಉಗುರಿನ ಮೇಟ್ರಿಕ್ಸ್ ಕೂಡ ಹಾಗೆಯೇ. ಔಷಧ ಒಳಹೋದ ಆ ಕೆಲವು ದಿನ ಉಗುರಿನ ತಯಾರಿಕೆ ನಿಧಾನವಾಗುತ್ತದೆ ಇಲ್ಲವೇ ನಿಂತೇಬಿಡುತ್ತದೆ, ಮತ್ತೆ ಶುರುವಾಗುತ್ತದೆ. ನಿಂತ ಜಾಗದಲ್ಲಿ ಅಡ್ಡಕ್ಕೆ ಒಂದು ತಗ್ಗು ಗೆರೆ ಉಳಿಯುತ್ತದೆ. ಫ್ರೆಂಚ್ ವೈದ್ಯ ಜೋಸೆಫ್ ಬೋ 1846ರಲ್ಲೇ ಇದನ್ನು ವಿವರಿಸಿದ್ದರಿಂದ ಇವಕ್ಕೆ ‘ಬೋ ಗೆರೆಗಳು’ ಎಂದು ಹೆಸರು.

ಅಕ್ಕನಿಗೆ ಮೊದಲು ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಕೊಟ್ಟಿದ್ದರು. ರೋಗಿಗಳು ‘ಕೆಂಪು ಔಷಧ’ ಎನ್ನುವುದು ಇದರಲ್ಲಿ ಮೊದಲನೆಯದನ್ನು. ಅದರ ನಂತರ ಅವಳ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನಾಲ್ಕು ಗೆರೆಗಳು ಕಾಣುತ್ತಿದ್ದವು. ಬೆರಳ ತುದಿ ಸವರಿದರೆ ಒಂದೊಂದೂ ಮೆಟ್ಟಿಲಿನಂತೆ ತಾಗುತ್ತಿತ್ತು. ತಿಂಗಳಿಗೆ 3 ಮಿಲಿಮೀಟರ್ ಎಂದರೆ ಮೂರು ವಾರಕ್ಕೆ ಹೆಚ್ಚುಕಡಿಮೆ 2 ಮಿಲಿಮೀಟರ್. ಅಳತೆಪಟ್ಟಿ ಇಟ್ಟು ನೋಡಿದೆ, ಗೆರೆಗಳ ನಡುವಿನ ಅಂತರ ಅಷ್ಟೇ ಇತ್ತು. ಚಿಕಿತ್ಸೆಯ ಫೈಲಿನಲ್ಲಿದ್ದ ತಾರೀಖುಗಳೇ ಉಗುರಿನ ಮೇಲೂ ಮೂಡಿದ್ದವು. ಶಿಲೀಂಧ್ರ ಇಂತಹ ಲೆಕ್ಕ ಇಡುವುದಿಲ್ಲ.

ಬಣ್ಣವೂ ಬದಲಾಗುತ್ತದೆ. ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್, ಫ್ಲೂರೊಯುರಾಸಿಲ್ ಮೊದಲಾದ ಔಷಧಗಳು ಉಗುರನ್ನು ಕಂದು ಅಥವಾ ಕಪ್ಪು ಮಾಡುತ್ತವೆ. ನಮ್ಮಂತಹ ಕಂದು ಮೈಬಣ್ಣದವರಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಮೆಹಂದಿ ಹಚ್ಚಿ ವಾರವಾದ ಉಗುರಿನಂತೆ ಕಾಣುತ್ತದೆ, ಆದರೆ ನೋವಿಲ್ಲ, ತುರಿಕೆಯಿಲ್ಲ. ಚಿಕಿತ್ಸೆ ಮುಗಿದ ಮೇಲೆ ಬೆಳೆಯುತ್ತ ಬೆಳೆಯುತ್ತ ತಾನಾಗಿ ಹೊರಟುಹೋಗುತ್ತದೆ. (ಎಲ್ಲ ಉಗುರೂ ಸರಿಯಿದ್ದು, ಒಂದೇ ಉಗುರಿನಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ ಮೂಡಿ ದಿನೇ ದಿನೇ ಅಗಲವಾಗುತ್ತಿದ್ದರೆ ಅದನ್ನು ಮಾತ್ರ ಚರ್ಮವೈದ್ಯರಿಗೆ ತೋರಿಸಲೇಬೇಕು.)

ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್‌ಗಳ ವರಸೆ ಬೇರೆ. ಇವು ಉಗುರಿನ ಕೆಳಗಿನ ಹಾಸನ್ನೇ ಕೆಡಿಸುತ್ತವೆ. ಉಗುರಿನ ಅಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನೋಯುತ್ತದೆ, ತುದಿಯಿಂದ ಹಿಂದಕ್ಕೆ ಉಗುರು ಎದ್ದುಬರುತ್ತದೆ. ಎದ್ದ ಉಗುರಿನ ಕೆಳಗೆ ಒಂದು ಕತ್ತಲ ಸಂದು ಹುಟ್ಟುತ್ತದೆ. ಪಾತ್ರೆ ತೊಳೆದ ನೀರು ಅಲ್ಲಿ ನಿಲ್ಲುತ್ತದೆ, ರೊಟ್ಟಿ ಹಿಟ್ಟು ಸೇರಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕಾಗಲಿ ಶಿಲೀಂಧ್ರಕ್ಕಾಗಲಿ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಔಷಧ ಬಾಗಿಲು ತೆರೆಯುತ್ತದೆ, ಸೋಂಕು ಆಮೇಲೆ ಒಳಬರುತ್ತದೆ. ಗೊಂದಲದ ಮೂಲ ಇಲ್ಲೇ ಇದೆ, ಎರಡೂ ಒಂದೇ ಉಗುರಿನಲ್ಲಿ ಒಟ್ಟಿಗೆ ಇರಲು ಸಾಧ್ಯ.

ಈಗ ಶಿಲೀಂಧ್ರದ ಸರದಿ. ಉಗುರಿಗೆ ಹತ್ತುವ ಶಿಲೀಂಧ್ರಗಳಲ್ಲಿ ಮುಖ್ಯವಾದದ್ದು ಟ್ರೈಕೊಫೈಟಾನ್ ರುಬ್ರಮ್. ತೊಡೆಸಂದಿಗೆ, ಸೊಂಟಕ್ಕೆ ಬರುವ ಗಜಕರ್ಣ ಇದೆಯಲ್ಲ, ಅದನ್ನು ಉಂಟುಮಾಡುವ ಬಳಗದ್ದೇ ಇದು. ಕೆರಾಟಿನ್ ಇದರ ಆಹಾರ. ಸಾಮಾನ್ಯವಾಗಿ ಕಾಲ್ಬೆರಳ ಸಂದಿಯಲ್ಲಿ ಮೊದಲು ನೆಲೆಸುತ್ತದೆ. ಅಲ್ಲಿ ಚರ್ಮ ಬೆಳ್ಳಗೆ ನೆನೆದು, ಸುಲಿದು, ತುರಿಸುತ್ತದೆ. ಅಲ್ಲಿಂದ ಉಗುರಿನ ತುದಿಗೋ ಬದಿಗೋ ನುಗ್ಗಿ ನಿಧಾನವಾಗಿ ಬುಡದ ಕಡೆ ಸಾಗುತ್ತದೆ. ಉಗುರು ಹಳದಿಯಾಗಿ ದಪ್ಪವಾಗುತ್ತದೆ, ಕೆಳಗೆ ಹಿಟ್ಟಿನಂತಹ ಪುಡಿ ತುಂಬುತ್ತದೆ, ಕತ್ತರಿಸಿದರೆ ಚೂರುಚೂರಾಗುತ್ತದೆ. ಅಕ್ಕ ಇಪ್ಪತ್ತು ವರ್ಷ ಗದ್ದೆಯಲ್ಲಿ ನಾಟಿ ಮಾಡಿದವಳು. ಕಾಲಿನ ಹೆಬ್ಬೆರಳಿನ ಉಗುರು ಹಾಗಾಗಿ ಎಷ್ಟು ಕಾಲವಾಯಿತೆಂದು ಕೇಳಿದರೆ, ‘ಮಗಳ ಮದುವೆಗೂ ಮುಂಚೆ’ ಎಂದಳು.

ಅವಳ ಕೈಕಾಲನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ನನಗೆ ಮನದಟ್ಟಾಯಿತು. ಔಷಧದ ಗುರುತು ಹತ್ತೂ ಬೆರಳುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇತ್ತು, ಕೀಮೋ ಶುರುವಾದ ಮೇಲೆ ಬಂದಿತ್ತು, ಉಗುರಿನ ಜೊತೆಗೇ ಮುಂದಕ್ಕೆ ಸರಿಯುತ್ತಿತ್ತು. ಶಿಲೀಂಧ್ರ ಒಂದೇ ಕಾಲಿನ ಒಂದೇ ಉಗುರಿನಲ್ಲಿತ್ತು, ಕೀಮೋಗಿಂತ ಹಳೆಯದು, ಉಗುರು ಮುಂದಕ್ಕೆ ಬೆಳೆದರೂ ಅದು ಹಿಂದಕ್ಕೆ ಹರಡುತ್ತಿತ್ತು. ಇವು ಸುಳಿವುಗಳು ಮಾತ್ರ. ಕೆಟ್ಟಂತೆ ಕಾಣುವ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮಾತ್ರ ಶಿಲೀಂಧ್ರ ಇರುತ್ತದೆ. ಬರಿಗಣ್ಣಿನಿಂದ ನಿರ್ಧರಿಸುವುದು ನಾಣ್ಯ ಚಿಮ್ಮಿದಂತೆ. ಎದ್ದ ಉಗುರಿನ ಕೆಳಗೆ ಹಸಿರು ಬಣ್ಣ ಕಂಡರೆ ಅದನ್ನೂ ಜನ ಫಂಗಸ್ ಎಂದೇ ಭಾವಿಸುತ್ತಾರೆ. ಹೆಚ್ಚಿನಂಶ ಅದು ನೀರಿನ ತೇವದಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ, ಅದಕ್ಕೆ ಶಿಲೀಂಧ್ರದ ಮದ್ದು ನಾಟುವುದೇ ಇಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಉಗುರನ್ನು ಸ್ಪಿರಿಟ್‌ನಿಂದ ಒರೆಸಿ, ಕೆಟ್ಟ ಭಾಗವನ್ನು ಕತ್ತರಿಸಿ, ಅದರಡಿಯ ಪುಡಿಯನ್ನು ಆದಷ್ಟು ಒಳಗಿನಿಂದ, ಆರೋಗ್ಯವಾದ ಉಗುರು ಶುರುವಾಗುವ ಗಡಿಯ ಹತ್ತಿರದಿಂದ ಕೆರೆದು ತೆಗೆಯುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕೆರಾಟಿನ್ ಮೆತ್ತಗಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇದು ಅಗ್ಗದ ಪರೀಕ್ಷೆ, ಅದೇ ದಿನ ಫಲಿತಾಂಶ. ಯಾವ ಜಾತಿ ಎಂದು ತಿಳಿಯಲು ಕಲ್ಚರ್ ಮಾಡಬೇಕು, ಅದು ಬೆಳೆಯಲು ನಾಲ್ಕು ವಾರದವರೆಗೂ ಕಾಯಬೇಕಾಗುತ್ತದೆ. ಕತ್ತರಿಸಿದ ಉಗುರಿನ ತುಂಡಿಗೆ ಪಿಎಎಸ್ ಎಂಬ ಬಣ್ಣ ಹಾಕಿ ನೋಡುವ ಪರೀಕ್ಷೆ ಇನ್ನೂ ಸೂಕ್ಷ್ಮ. ಮೊದಲೇ ಮುಲಾಮು, ಗುಳಿಗೆ ಬಳಸಿದ್ದರೆ ಶಿಲೀಂಧ್ರ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಅಂಗಡಿಯಿಂದ ತಂದು ‘ಒಂದು ವಾರ ಹಚ್ಚಿ ನೋಡೋಣ’ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಗುಳಿಗೆಯ ವಿಷಯ. ನನ್ನನ್ನು ಅಂದು ಬೆಚ್ಚಿಬೀಳಿಸಿದ್ದು ಇದು.

ಇಟ್ರಾಕೊನಜೋಲ್ ಶಿಲೀಂಧ್ರಕ್ಕೆ ಒಳ್ಳೆಯ ಔಷಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಯಕೃತ್ತಿನಲ್ಲಿ ಔಷಧಗಳನ್ನು ಒಡೆದು ಹೊರಹಾಕುವ ಸಿವೈಪಿ3ಎ4 ಎಂಬ ಕಿಣ್ವವನ್ನು ಅದು ಬಲವಾಗಿ ತಡೆಹಿಡಿಯುತ್ತದೆ. ಅನೇಕ ಕ್ಯಾನ್ಸರ್ ಔಷಧಗಳು ಹೊರಹೋಗುವುದು ಅದೇ ದಾರಿಯಲ್ಲಿ. ದಾರಿ ಮುಚ್ಚಿದರೆ ಔಷಧ ರಕ್ತದಲ್ಲೇ ಉಳಿದು ಮಟ್ಟ ಏರುತ್ತದೆ. ಡ್ರಿಪ್‌ನಲ್ಲಿ ಅಳೆದು ತೂಗಿ ಕೊಟ್ಟ ಪ್ರಮಾಣ ಸರಿಯಾಗಿಯೇ ಇದ್ದರೂ ದೇಹದ ಪಾಲಿಗೆ ಅದು ಮಿತಿಮೀರಿದ ಪ್ರಮಾಣ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟಿನ್ ಇದಕ್ಕೆ ಅತಿ ಕಠೋರ ಉದಾಹರಣೆ. ಅದರ ಜೊತೆ ಇಟ್ರಾಕೊನಜೋಲ್ ಸೇರಿದಾಗ ನರಗಳಿಗೆ ತೀವ್ರ ಹಾನಿ, ಕರುಳಿನ ಚಲನೆ ನಿಲ್ಲುವುದು, ಅಪಸ್ಮಾರ ಆಗಿರುವುದು ವೈದ್ಯಕೀಯ ದಾಖಲೆಗಳಲ್ಲಿದೆ. ಡೋಸಿಟ್ಯಾಕ್ಸೆಲ್, ಇಮಾಟಿನಿಬ್, ಇಬ್ರುಟಿನಿಬ್ ಕೂಡ ಇದೇ ಕಿಣ್ವದ ದಾರಿಯವು. ಪ್ಯಾಕ್ಲಿಟ್ಯಾಕ್ಸೆಲ್‌ಗೂ ಒಂದು ಪಾಲು ಇದೇ ದಾರಿ. ಅದಲ್ಲದೆ ಇಟ್ರಾಕೊನಜೋಲ್ ಹೃದಯದ ಬಡಿತದ ಬಲವನ್ನು ಕುಗ್ಗಿಸಬಲ್ಲದು. ಡಾಕ್ಸೊರುಬಿಸಿನ್ ಪಡೆದವರ ಹೃದಯವನ್ನು ಮೊದಲೇ ಎಚ್ಚರದಿಂದ ನೋಡಿಕೊಳ್ಳಬೇಕಾಗಿರುತ್ತದೆ.

ಉಗುರಿನ ಶಿಲೀಂಧ್ರಕ್ಕೆ ವೈದ್ಯರು ಮೊದಲು ಯೋಚಿಸುವುದು ಟರ್ಬಿನಾಫಿನ್. ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂ, ಕೈ ಉಗುರಿಗೆ ಆರು ವಾರ, ಕಾಲಿನದಕ್ಕೆ ಹನ್ನೆರಡು ವಾರ. ಸಿವೈಪಿ3ಎ4 ತಂಟೆಗೆ ಅದು ಅಷ್ಟಾಗಿ ಹೋಗುವುದಿಲ್ಲ. ಆದರೆ ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವವನ್ನು ತಡೆಯುತ್ತದೆ. ಸ್ತನ ಕ್ಯಾನ್ಸರಿನ ಎಷ್ಟೋ ಮಹಿಳೆಯರು ಕೀಮೋ ಮುಗಿದ ಮೇಲೆ ವರ್ಷಗಟ್ಟಲೆ ತೆಗೆದುಕೊಳ್ಳುವ ಟ್ಯಾಮಾಕ್ಸಿಫೆನ್ ದೇಹದೊಳಗೆ ಎಂಡಾಕ್ಸಿಫೆನ್ ಎಂಬ ಪ್ರಬಲ ರೂಪಕ್ಕೆ ಬದಲಾಗುವುದು ಇದೇ ಕಿಣ್ವದಿಂದ. ಉಗುರು ಚಂದವಾಗಲೆಂದು ನುಂಗಿದ ಗುಳಿಗೆ ಕ್ಯಾನ್ಸರ್ ಮರಳದಂತೆ ಕಾಯುವ ಗುಳಿಗೆಯ ಕೈಕಟ್ಟಬಹುದು. ಇಟ್ರಾಕೊನಜೋಲ್, ಟರ್ಬಿನಾಫಿನ್ ಎರಡೂ ಅಪರೂಪಕ್ಕೆ ಯಕೃತ್ತಿಗೆ ಹಾನಿ ಮಾಡುತ್ತವೆ, ಕೀಮೋದಿಂದ ಅದು ಮೊದಲೇ ಬಸವಳಿದಿರಬಹುದು. ಕೀಟೊಕೊನಜೋಲ್ ಗುಳಿಗೆಯನ್ನು ಉಗುರು ಮತ್ತು ಚರ್ಮದ ಶಿಲೀಂಧ್ರಕ್ಕೆ ಬಳಸಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೂ 2016ರಲ್ಲೂ ಎಚ್ಚರಿಸಿದೆ, ಕಾರಣ ಯಕೃತ್ತೇ.

ಇಷ್ಟೆಲ್ಲ ಅಪಾಯ ಹೊತ್ತು ಸಿಗುವ ಫಲವಾದರೂ ಎಷ್ಟು? ಅಮೆರಿಕದಲ್ಲಿ ಟರ್ಬಿನಾಫಿನ್‌ಗೆ ಅನುಮತಿ ಸಿಗಲು ಕಾರಣವಾದ ಪ್ರಯೋಗಗಳಲ್ಲಿ ಕಾಲುಗುರಿನ ಶಿಲೀಂಧ್ರ ಸುಮಾರು 70% ಜನರಲ್ಲಿ ನಾಶವಾಯಿತು, ಉಗುರು ಪೂರ್ತಿ ಸರಿಹೋದದ್ದು 38% ಜನರಲ್ಲಿ ಮಾತ್ರ. ಆರೋಗ್ಯವಂತರಲ್ಲೇ ಹೀಗೆ. ಹಾಗಾಗಿ ನೋವಿಲ್ಲದ, ಕೆಂಪಿಲ್ಲದ, ಹಳೆಯ ದಪ್ಪ ಕಾಲುಗುರು ಮಾತ್ರ ಇದ್ದರೆ ಕೀಮೋ ಮುಗಿಯುವವರೆಗೆ ಗುಳಿಗೆ ಮುಂದೂಡುವುದೇ ಬಹುತೇಕ ಸರಿಯಾದ ದಾರಿ. ಅಲ್ಲಿಯವರೆಗೆ ಅಮೊರಾಲ್ಫಿನ್ ಅಥವಾ ಸೈಕ್ಲೊಪಿರಾಕ್ಸ್ ಎಂಬ, ನೇಲ್ ಪಾಲಿಶ್‌ನಂತೆ ಬಳಿಯುವ ಔಷಧ ಸಾಕು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಗುಣವಾಗುವ ಪ್ರಮಾಣ ಕಡಿಮೆ, ಹರಡದಂತೆ ಹಿಡಿದಿಡಲು ನೆರವಾಗುತ್ತದೆ.

ಈ ಮಾತು ಎಲ್ಲರಿಗೂ ಹೊಂದುವುದಿಲ್ಲ. ಲ್ಯುಕೇಮಿಯಾ ಇರುವವರದು, ಮಜ್ಜೆ ಕಸಿಗೆ ಸಿದ್ಧರಾಗುತ್ತಿರುವವರದು ಬೇರೆಯೇ ಕಥೆ, ಅಲ್ಲಿ ಉಗುರು ಸಣ್ಣ ವಿಷಯವಲ್ಲ.

ಸೋಂಕಿನ ಮೇಲೆ ಮೊದಲು ಮುಗಿಬೀಳುವ ಬಿಳಿ ರಕ್ತಕಣಗಳಿಗೆ ನ್ಯೂಟ್ರೋಫಿಲ್ ಎಂದು ಹೆಸರು. ಆಸ್ಪತ್ರೆಯ ಭಾಷೆಯಲ್ಲಿ ‘ಕೌಂಟ್ ಬಿದ್ದಿದೆ’ ಎಂದರೆ ಸಾಮಾನ್ಯವಾಗಿ ಇವುಗಳ ಸಂಖ್ಯೆ ಇಳಿದಿದೆ ಎಂದರ್ಥ. ಅನೇಕ ಔಷಧಗಳಲ್ಲಿ ಕೀಮೋ ಕೊಟ್ಟ 7ರಿಂದ 14 ದಿನಗಳ ನಡುವೆ ಇದು ತಳ ಮುಟ್ಟುತ್ತದೆ. ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದರೆ ಅಪಾಯ ತೀವ್ರ. ಇಲ್ಲಿ ನೆನಪಿಡಬೇಕಾದ ಒಂದು ಸಂಗತಿ ಇದೆ. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ಅವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಕೌಂಟ್ ತೀರ ಕೆಳಗಿದ್ದಾಗ ಸೋಂಕು ಜೋರಾಗಿದ್ದರೂ ಊತ, ಕೀವು ಅಷ್ಟಾಗಿ ಕಾಣದೆ ಇರಬಹುದು. ಬರೀ ನೋವು, ತುಸು ಕೆಂಪು ಅಷ್ಟೇ ಇರಬಹುದು. ಅಕ್ಕನ ಬೆರಳಲ್ಲಿ ಕೀವು ಕಂಡಿತಲ್ಲ, ಅವಳ ಕೌಂಟ್ ಇಳಿದಿದ್ದರೂ ಪೂರ್ತಿ ಬರಿದಾಗಿರಲಿಲ್ಲ ಎಂದು ವೈದ್ಯರು ಆಮೇಲೆ ವಿವರಿಸಿದರು.

ಅಂತಹ ಹೊತ್ತಿನಲ್ಲಿ ಉಗುರಿನಿಂದ ರಕ್ತಕ್ಕೆ ಇಳಿಯಬಲ್ಲ ಒಂದು ಶಿಲೀಂಧ್ರವಿದೆ, ಫ್ಯುಸೇರಿಯಮ್. ನಮ್ಮ ರೈತರಿಗೆ ಈ ಕುಲದ ಪರಿಚಯ ಚೆನ್ನಾಗಿ ಇದೆ. ಕಲಬುರಗಿ ಸೀಮೆಯಲ್ಲಿ ತೊಗರಿ ನಿಂತಲ್ಲೇ ಒಣಗಿಸುವ ನೆಟೆ ರೋಗ, ಬಾಳೆಯ ಪನಾಮಾ ಸೊರಗು ರೋಗ, ಎರಡೂ ಫ್ಯುಸೇರಿಯಮ್ ಕುಲದ ಬೇರೆಬೇರೆ ಜಾತಿಗಳ ಕೆಲಸ. ಮನುಷ್ಯನಿಗೆ ಹತ್ತುವ ಜಾತಿಗಳೂ ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತವೆ. ಆರೋಗ್ಯವಂತರ ಉಗುರಿನಲ್ಲಿ ಅದು ಬರೀ ಉಗುರಿನ ರೋಗವಾಗಿಯೇ ಉಳಿಯುತ್ತದೆ. ನ್ಯೂಟ್ರೋಫಿಲ್‌ಗಳು ದಿನಗಟ್ಟಲೆ ಇಲ್ಲದವರಲ್ಲಿ ಉಗುರಿನ ಸುತ್ತ ನೋವು, ಕೆಂಪು, ಕಪ್ಪುಗಟ್ಟುವಿಕೆಯಿಂದ ಶುರುವಾಗಿ, ರಕ್ತ ಸೇರಿ, ಮೈಮೇಲೆ ನಡುವೆ ಕಪ್ಪಾದ ನೋವಿನ ಗುಳ್ಳೆಗಳಾಗಿ ಏಳುತ್ತದೆ. ಆಗ ಉಳಿಸಿಕೊಳ್ಳುವುದು ಬಹಳ ಕಷ್ಟ. ಅದಕ್ಕಾಗಿಯೇ ತೀವ್ರ ಕೀಮೋ ಶುರು ಮಾಡುವ ಮೊದಲು ರೋಗಿಯ ಕಾಲುಗುರುಗಳನ್ನು ಒಮ್ಮೆ ನೋಡಬೇಕು, ಸಂಶಯವಿದ್ದರೆ ಪರೀಕ್ಷೆ ಮಾಡಿಸಬೇಕು ಎನ್ನುತ್ತಾರೆ ತಜ್ಞರು. ಆ ಸಂದರ್ಭದಲ್ಲಿ ‘ಕೀಮೋ ಮುಗಿಯಲಿ, ಆಮೇಲೆ ನೋಡೋಣ’ ಎನ್ನುವಂತಿಲ್ಲ.

ಎಲ್ಲ ಕೀಮೋ ರೋಗಿಗಳಿಗೂ ಅನ್ವಯಿಸುವ ಗೆರೆ ಒಂದಿದೆ. ಉಗುರಿನ ಸುತ್ತ ಕೆಂಪು ಹರಡುತ್ತಿದ್ದರೆ, ನೋವು ಹೆಚ್ಚುತ್ತಿದ್ದರೆ ಅಂದೇ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಅದರ ಜೊತೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ, ರಾತ್ರಿ ಎರಡು ಗಂಟೆಯಾಗಿರಲಿ, ಪ್ಯಾರಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಏನು ಮಾಡಬೇಕು ಎಂಬುದರಲ್ಲಿ ಗಹನವಾದದ್ದೇನಿಲ್ಲ. ಅಜ್ಜಿಯ ಕಾಲದಿಂದ ಕಿಟಕಿಯ ಗೂಡಿನಲ್ಲಿರುವ ಮನೆಮಂದಿಯ ನೇಲ್ ಕಟ್ಟರನ್ನು ರೋಗಿ ಬಳಸಬಾರದು, ಅವರಿಗೆ ಬೇರೆಯದೇ ಇರಲಿ. ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆಗಳನ್ನು ಆಳಕ್ಕೆ ಕೆತ್ತಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಿದ್ದಾಗ ಸಣ್ಣ ಗಾಯದಿಂದಲೂ ರಕ್ತ ನಿಲ್ಲುವುದಿಲ್ಲ. ಬುಡದ ತೆಳು ಚರ್ಮವನ್ನು ಹಿಂದಕ್ಕೆ ತಳ್ಳುವುದು, ಕತ್ತರಿಸುವುದು ಬೇಡವೇ ಬೇಡ, ಮೇಟ್ರಿಕ್ಸ್‌ಗೆ ಇರುವ ಬಾಗಿಲು ಅದೇ. ಎದ್ದ ಉಗುರನ್ನು ಕಿತ್ತುಹಾಕದೆ, ಸಡಿಲವಾದಷ್ಟನ್ನು ಮಾತ್ರ ಕತ್ತರಿಸಿ, ಬಟ್ಟೆಗೆ ಸಿಕ್ಕದಂತೆ ಮೆತ್ತನೆಯ ಟೇಪ್ ಸುತ್ತಿದರೆ ಸಾಕು. ಪಾತ್ರೆ ತೊಳೆಯಲೇಬೇಕಾದರೆ ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು. ಸ್ನಾನದ ನಂತರ ಕಾಲ್ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ. ಪ್ಯಾಕ್ಲಿಟ್ಯಾಕ್ಸೆಲ್ ಪಾದದ ಸ್ಪರ್ಶವನ್ನೇ ಮಂಕು ಮಾಡುತ್ತದೆ, ಎಡವಿದ್ದೂ ಗೊತ್ತಾಗದೆ ಹೋಗಬಹುದು, ಹಾಗಾಗಿ ಮನೆಯೊಳಗೂ ಚಪ್ಪಲಿ ಇರಲಿ. ವಾಂತಿ ಮತ್ತು ಅಲರ್ಜಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ, ಏರಿದ ಸಕ್ಕರೆ ಸೋಂಕಿಗೆ ಅನುಕೂಲ. ಮಧುಮೇಹ ಇರುವವರು ಇದನ್ನು ಮರೆಯಬಾರದು. ಗಜಕರ್ಣಕ್ಕೆಂದು ಅಂಗಡಿಗಳಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನಂತೂ ದೂರವಿಡಿ. ಅವು ತುರಿಕೆ ಅಡಗಿಸುತ್ತವೆ, ಶಿಲೀಂಧ್ರಕ್ಕೆ ರೆಕ್ಕೆ ಕೊಡುತ್ತವೆ.

ಉಗುರು ಕೆಡದಂತೆ ತಡೆಯಲು ತಣ್ಣಗಿನ ಗ್ಲೌಸ್ ತೊಡಿಸುವ ಕ್ರಮವೂ ಇದೆ. ತಂಪಿಗೆ ರಕ್ತನಾಳ ಸಂಕುಚಿಸಿ ಬೆರಳಿಗೆ ಹೋಗುವ ಔಷಧ ಕಡಿಮೆಯಾಗುತ್ತದೆ. 2005ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಡೋಸಿಟ್ಯಾಕ್ಸೆಲ್ ಪಡೆಯುತ್ತಿದ್ದ 45 ಜನರ ಬಲಗೈಗೆ ಮಾತ್ರ ಹಿಮಗಟ್ಟಿಸಿದ ಗ್ಲೌಸ್ ಹಾಕಿ, ಎಡಗೈಯನ್ನು ಹಾಗೇ ಬಿಟ್ಟರು. ಬರಿಗೈಯಲ್ಲಿ 51% ಜನರ ಉಗುರು ಕೆಟ್ಟಿತು, ಗ್ಲೌಸ್ ತೊಟ್ಟ ಕೈಯಲ್ಲಿ 11%. ಒಬ್ಬರದೇ ಎರಡು ಕೈ, ಒಂದೇ ಔಷಧ, ಇಷ್ಟು ವ್ಯತ್ಯಾಸ. ನಿಮ್ಮ ಆಸ್ಪತ್ರೆಯಲ್ಲಿ ಇದರ ವ್ಯವಸ್ಥೆ ಇದೆಯೇ ಎಂದು ಮೊದಲ ಡ್ರಿಪ್‌ಗೆ ಮುಂಚೆಯೇ ಕೇಳಿ. ನಾವು ಕೇಳಿರಲಿಲ್ಲ.

ಅಕ್ಕನ ಬೆರಳು ಆಂಟಿಬಯಾಟಿಕ್‌ನಿಂದ ಹತ್ತು ದಿನದಲ್ಲಿ ವಾಸಿಯಾಯಿತು. ಹನ್ನೆರಡು ವಾರದ ಪ್ಯಾಕ್ಲಿಟ್ಯಾಕ್ಸೆಲ್ ಮುಗಿದ ಮೇಲೆ ಕಾಲುಗುರಿನ ತುಂಡು ಪ್ರಯೋಗಾಲಯಕ್ಕೆ ಹೋಯಿತು, ಟ್ರೈಕೊಫೈಟಾನ್ ರುಬ್ರಮ್ ಎಂದು ವರದಿ ಬಂತು. ಅಷ್ಟರಲ್ಲಿ ಟ್ಯಾಮಾಕ್ಸಿಫೆನ್ ಶುರುವಾಗಿತ್ತು. ಚರ್ಮವೈದ್ಯರು, ಕ್ಯಾನ್ಸರ್ ವೈದ್ಯರು ಇಬ್ಬರೂ ಮಾತಾಡಿಕೊಂಡು ಟರ್ಬಿನಾಫಿನ್ ಬೇಡವೆಂದರು. ಈಗ ಭಾನುವಾರ ಬೆಳಿಗ್ಗೆ ಅವಳು ಬಿಸಿಲಲ್ಲಿ ಕೂತು ಹೆಬ್ಬೆರಳಿನ ಉಗುರನ್ನು ಅರದಿಂದ ತೆಳುವಾಗಿ ಉಜ್ಜಿ, ಅಮೊರಾಲ್ಫಿನ್ ಬಳಿದುಕೊಳ್ಳುತ್ತಾಳೆ. ಒಂಬತ್ತು ತಿಂಗಳಾಯಿತು. ಬುಡದಿಂದ ಅರ್ಧದವರೆಗೆ ಗುಲಾಬಿ ಬಣ್ಣದ ಉಗುರು ಬಂದಿದೆ. ಕೈಯಲ್ಲಿದ್ದ ನಾಲ್ಕು ಗೆರೆಗಳಲ್ಲಿ ಕೊನೆಯದನ್ನು ಕಳೆದ ದೀಪಾವಳಿಗೆ ಮುಂಚೆ ಕತ್ತರಿಸಿ ಹಾಕಿದ್ದಳು.